ಗಣಕಯಂತ್ರ ಕೂಡಿಸಿ ನೋಡು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿಹೋಗಿದ್ದಾರೆ. ಅವರ ಕಾಲಕ್ಕೆ ಆ ಎರಡು ಸಾಹಸಗಳೇ ಸಾಕಾಗಿದ್ದವು. ಈಗ ಅವರಲ್ಲೊಬ್ಬರು ಎದ್ದು ಬಂದು ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ತಿಂಗಳು ಕುಳಿತಿದ್ದರೆ, ‘ಗಣಕಯಂತ್ರ ಕೂಡಿಸಿ ನೋಡು’ ಎಂಬ ಮೂರನೆಯ ಮಾತನ್ನು ಸೇರಿಸದೆ ಹೋಗುತ್ತಿರಲಿಲ್ಲ. ಮನೆ ಕಟ್ಟುವವನಿಗೆ ಗೌಂಡಿ ಇರುತ್ತಾನೆ. ಮದುವೆ ಮಾಡುವವನಿಗೆ ಬಂಧುಬಳಗವಿರುತ್ತದೆ. ಬಿಡಿಭಾಗಗಳನ್ನು ಆರಿಸಿ ಗಣಕಯಂತ್ರ ಕೂಡಿಸುವವರ ಪಾಲಿಗೆ ಇರುವುದು ಅಂಗಡಿಯವನ ನಾಲಿಗೆ ಮತ್ತು ತಮ್ಮ ಕೈಯ ಚೀಟಿ, ಇವೆರಡೇ!

‘ಸಿದ್ಧವಾದ ಯಂತ್ರವನ್ನೇ ಕೊಂಡರಾಗದೆ?’ ಎಂದು ವಾಚಕರು ಕೇಳಿಯಾರು. ಧಾರಾಳವಾಗಿ ಕೊಳ್ಳಬಹುದು. ಆದರೆ ನಮ್ಮಪ್ಪನ ಚಕ್ಕಡಿಯ ವಿಷಯ ಕೇಳಿ. ಅದರ ಗಾಲಿ ಒಬ್ಬ ಬಡಿಗನದು, ಅಚ್ಚು ಮತ್ತೊಬ್ಬ ಕಮ್ಮಾರನದು, ನೊಗ ನಮ್ಮ ಅಜ್ಜನ ಕಾಲದ್ದು. ಯಾವುದು ಸವೆದರೆ ಅದನ್ನಷ್ಟೇ ಬದಲಾಯಿಸುತ್ತ ಬಂದುದರಿಂದ ಬಂಡಿ ಇಂದಿಗೂ ಹೊಲಕ್ಕೆ ಹೋಗುತ್ತಿದೆ. ಭಾಗಗಳನ್ನು ಆರಿಸಿ ಕೂಡಿಸಿದ ಗಣಕಯಂತ್ರದ ಗುಣವೂ ಇದೇ. ಇಂದು ಕೈಗೆಟುಕದ ಭಾಗವನ್ನು ನಾಳೆ ಸೇರಿಸಬಹುದು. ಕೆಟ್ಟುದನ್ನು ಮಾತ್ರ ತೆಗೆದು ಹಾಕಬಹುದು. ಕೈಯಲ್ಲಿ ಹಣ ಕಡಮೆಯಿದ್ದವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಯಂತ್ರ ಬೇಕಾದದ್ದು ನನ್ನ ತಮ್ಮನಿಗೆ. ಕಳೆದ ವರ್ಷ ಪಿ.ಯು.ಸಿ. ಮುಗಿಸಿದ ಅವನು ಅಪ್ಪನೊಡನೆ ಹೊಲದ ಕೆಲಸಕ್ಕೆ ನಿಂತಿದ್ದಾನೆ. ರಾತ್ರಿಯಾದರೆ ಕೈಯಲ್ಲಿ ಫೋನು, ಫೋನಿನಲ್ಲಿ ಆಟ. ಅಷ್ಟರಿಂದಲೇ ಅವನಿಗೆ ತೃಪ್ತಿಯಿಲ್ಲ. ತಾನು ಆಡುವ ಆಟವನ್ನು ಊರೂರಿನ ಜನ ನೋಡಬೇಕು, ಆಡುತ್ತಾಡುತ್ತಲೇ ತಾನು ಕನ್ನಡದಲ್ಲಿ ಮಾತನಾಡಬೇಕು, ಇದರಿಂದ ಮುಂದೆ ನಾಲ್ಕು ಕಾಸು ಸಂಪಾದನೆಯಾದರೂ ಆಗಬೇಕು. ಇದಕ್ಕೆ ‘ಸ್ಟ್ರೀಮಿಂಗ್’ ಎನ್ನುತ್ತಾರೆ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ದೊಡ್ಡಾಟದಲ್ಲಿ ವೇಷಧಾರಿ ಕುಣಿಯುತ್ತಾನೆ, ಭಾಗವತ ಕಥೆ ನಡೆಸುತ್ತಾನೆ. ಸ್ಟ್ರೀಮಿಂಗಿನಲ್ಲಿ ಒಬ್ಬನೇ ವೇಷಧಾರಿ, ಒಬ್ಬನೇ ಭಾಗವತ. ನೋಡುವವರು ಮಾತ್ರ ಚಾಪೆ ಹಾಸಿ ಮುಂದೆ ಕುಳಿತಿರುವುದಿಲ್ಲ. ತಂತಮ್ಮ ಮನೆಗಳಲ್ಲಿ ಮಲಗಿರುತ್ತಾರೆ.

ಅಪ್ಪನಿಗೆ ಈ ವಿವರಣೆ ರುಚಿಸಲಿಲ್ಲ. “ಆಟ ಆಡಾಕ ಅರವತ್ತು ಸಾವಿರ ರೂಪಾಯಿ ಏನವ್ವಾ? ಇಸ್ಪೀಟಿನ್ಯಾಗ ಹೊಲ ಕಳಕೊಂಡೋರ್ನ ನಾ ನೋಡೀನಿ” ಎಂದರು. ಅವರ ಭಯ ಅಕಾರಣವಾದುದಲ್ಲ. ಹಣವೊಡ್ಡಿ ಆಡುವ ಫೋನಿನ ಆಟಗಳು ಎಷ್ಟೋ ಮನೆಗಳ ದೀಪ ಆರಿಸಿವೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯೊಂದು ಅಂಥ ಆಟಗಳನ್ನು ನಿಷೇಧಿಸಿ, ಕೌಶಲದ ಪಂದ್ಯಗಳಾದ ‘ಇ-ಸ್ಪೋರ್ಟ್ಸ್’ಗಳನ್ನು ಬೇರೆಯಾಗಿ ಗುರುತಿಸಿದೆ ಎಂದು ನಾನು ತಿಳಿಸಿದೆ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇವುಗಳಿಗೆ ಪದಕಗಳನ್ನೂ ಕೊಟ್ಟರೆಂದು ಹೇಳಿದೆ. ಅಪ್ಪ ಕಾಯ್ದೆಯನ್ನೂ ಪದಕವನ್ನೂ ಪಕ್ಕಕ್ಕಿಟ್ಟು, “ನೀ ಓದಿದಾಕಿ ಅದೀ. ರೊಕ್ಕ ಹಾಳಾಗಲ್ಲ ಅಂತ ನೀ ಹೇಳಿದ್ರ ತರೂನು” ಎಂದುಬಿಟ್ಟರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಗೆ ಹತ್ತಿದವರ ಮೇಲೆ ಬೀಳುವ ಭಾರವನ್ನು ಇಂತಹವರೇ ಬಲ್ಲರು. ಪಹಣಿ ಓದುವುದು, ಬ್ಯಾಂಕಿನ ಅರ್ಜಿ ತುಂಬುವುದು, ಔಷಧದ ಚೀಟಿಯ ಅಕ್ಷರ ಬಿಡಿಸುವುದು, ಎಲ್ಲವೂ ಬಿ.ಎ. ಓದುವವಳ ಕೆಲಸ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದಿದವಳಿಗೆ ಯಂತ್ರದ ಭಾಗಗಳ ತಿಳಿವಳಿಕೆ ಎಲ್ಲಿಂದ ಬರಬೇಕೆಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ. ಓದು ಎಂದರೆ ಅವರಿಗೆ ಒಂದೇ. ಓದಿದವರಿಗೆ ಎಲ್ಲವೂ ಬರಬೇಕು!

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿತ್ತು. ಅರವತ್ತು ಸಾವಿರದಲ್ಲಿ ಅರ್ಧ, ಅವ್ವ ‘ಗೃಹಲಕ್ಷ್ಮಿ’ಯ ತಿಂಗಳಿಗೆ ಎರಡು ಸಾವಿರ ರೂಪಾಯಿಯನ್ನು ಮುಟ್ಟದೆ ಕೂಡಿಟ್ಟದ್ದು. ಉಳಿದರ್ಧ ಮೆಕ್ಕೆಜೋಳ ಮಾರಿ ಬರಬೇಕಾದದ್ದು. ಅದೇ ಮೆಕ್ಕೆಜೋಳದ ಹಣದಲ್ಲಿಯೇ ನಾನು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಖರ್ಚೂ ಹುಟ್ಟಬೇಕಾಗಿತ್ತು. ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರು ‘ಅವಕಾಶ ವೆಚ್ಚ’ ಎಂಬುದನ್ನು ಗೋದಿ ಮತ್ತು ಬಟ್ಟೆಯ ಉದಾಹರಣೆ ಕೊಟ್ಟು ಬೋಧಿಸಿದರು. ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಮತ್ತೊಂದೇ ಅದರ ನಿಜವಾದ ಬೆಲೆಯಂತೆ. ನನಗೆ ಆ ಪಾಠ ಮನದಟ್ಟಾದದ್ದು ನನ್ನ ಎಂ.ಎ. ಒಂದು ತಟ್ಟೆಯಲ್ಲಿಯೂ ತಮ್ಮನ ಯಂತ್ರ ಇನ್ನೊಂದು ತಟ್ಟೆಯಲ್ಲಿಯೂ ಕುಳಿತು, ತಕ್ಕಡಿಯ ಹಗ್ಗ ನನ್ನ ಕೈಗೇ ಬಂದಾಗ!

ಇರಲಿ. ಭಾಗಗಳ ವಿಚಾರಕ್ಕೆ ಬರೋಣ.

ಈ ಭಾಗಗಳ ಹೆಸರುಗಳನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ತಾಲ್ಲೂಕಿನ ಮೈಲಾರದ ಕಾರಣಿಕ. ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಮಳೆಯ ಚಿಂತೆಯವನು ಅದರಲ್ಲಿ ಮಳೆ ಕಾಣುತ್ತಾನೆ. ರಾಜಕೀಯದ ಚಿಂತೆಯವನು ಸರ್ಕಾರ ಕಾಣುತ್ತಾನೆ. ‘ಐ5-12400ಎಫ್’, ‘ರೈಜನ್ 5 5600ಜಿ’ ಎಂಬ ನುಡಿಗಳೂ ಹಾಗೆಯೇ. ವ್ಯಾಖ್ಯಾನವಿಲ್ಲದೆ ಅರ್ಥವಾಗುವಂಥವಲ್ಲ. ಕೊನೆಯ ಒಂದು ಅಕ್ಷರದಲ್ಲಿ ಸಾವಿರಾರು ರೂಪಾಯಿ ಅಡಗಿರುತ್ತದೆ. ಇಂಟೆಲ್ ಕಂಪನಿಯ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ, ಅದರೊಳಗೆ ಚಿತ್ರ ಮೂಡಿಸುವ ಅಂಗವಿಲ್ಲವೆಂದು ತಿಳಿಯಬೇಕು. ಅದಕ್ಕೆ ಬೇರೆಯಾಗಿ ಗ್ರಾಫಿಕ್ಸ್ ಕಾರ್ಡು ಕೊಳ್ಳಲೇಬೇಕು. ಇಲ್ಲವಾದರೆ ಪರದೆ ಅಮಾವಾಸ್ಯೆ. ಎ.ಎಂ.ಡಿ. ಕಂಪನಿ 2021ರಲ್ಲಿ ಮಾರುಕಟ್ಟೆಗೆ ತಂದ 5600ಜಿ ಎಂಬುದರಲ್ಲಿ ಆ ಅಂಗ ಒಳಗೇ ಇದೆ. ಆರು ತಿರುಳುಗಳ ಈ ಪ್ರೊಸೆಸರು 65 ವ್ಯಾಟ್ ದರ್ಜೆಯದು. ಹಗುರವಾದ ಆಟಗಳಿಗೆ ಬೇರೆ ಕಾರ್ಡನ್ನು ಬೇಡುವುದಿಲ್ಲ.

ಆಟದ ಚಿತ್ರವೆಂದರೆ ಎಷ್ಟು ಕೆಲಸವೆಂಬುದನ್ನು ಒಮ್ಮೆ ಲೆಕ್ಕ ಹಾಕಿದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು 20,73,600. ಸೆಕೆಂಡಿಗೆ ಅರವತ್ತು ಚಿತ್ರಗಳಾದರೆ ಹನ್ನೆರಡು ಕೋಟಿ ನಲವತ್ತನಾಲ್ಕು ಲಕ್ಷ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು, ಅದೂ ಒಂದೇ ಸೆಕೆಂಡಿನಲ್ಲಿ! ಸ್ಟ್ರೀಮಿಂಗ್ ಮಾಡುವವನ ಯಂತ್ರ ಇಷ್ಟಕ್ಕೇ ನಿಲ್ಲುವಂತಿಲ್ಲ. ಹಚ್ಚಿದ ಬಣ್ಣವನ್ನೆಲ್ಲ ಹಿಂಡಿ, ಚಿಕ್ಕ ಗಂಟು ಮಾಡಿ, ತಂತಿಯ ಮೂಲಕ ಹೊರಗೆ ಕಳಿಸಬೇಕು. ಈ ಹಿಂಡುವ ಕೆಲಸವನ್ನು ಪ್ರೊಸೆಸರಿನ ತಿರುಳುಗಳಿಗೇ ವಹಿಸಿದರೆ ಆಟ ಮುಗ್ಗರಿಸುತ್ತದೆ. ಅದಕ್ಕೆಂದೇ ಚಿತ್ರದ ಅಂಗದೊಳಗೆ ಪ್ರತ್ಯೇಕ ‘ಎನ್‌ಕೋಡರ್’ ಇಟ್ಟಿರುತ್ತಾರೆ. ಹೊಲದಲ್ಲಿ ಬಿತ್ತುವವರು ಬೇರೆ, ಹಿಂದೆ ಕುಂಟೆ ಹೊಡೆಯುವವರು ಬೇರೆ ಇದ್ದಂತೆ. ಹೀಗೆ ಕಳಿಸಲು ಬೇಕಾದ ‘ಒ.ಬಿ.ಎಸ್.’ ಎಂಬ ತಂತ್ರಾಂಶ 2012ರಿಂದಲೂ ಉಚಿತವಾಗಿ ದೊರೆಯುತ್ತಿದೆ. ಅಷ್ಟರಮಟ್ಟಿಗೆ ಲೋಕದಲ್ಲಿ ಧರ್ಮ ಉಳಿದಿದೆ ಎನ್ನಬೇಕು.

ಪ್ರೊಸೆಸರ್ ನಿಶ್ಚಯವಾದರೆ ಅದು ಕೂರುವ ಮದರ್‌ಬೋರ್ಡೂ ನಿಶ್ಚಯವಾದಂತೆ. ಕಾಲಿಗೆ ತಕ್ಕ ಮೆಟ್ಟು. 5600ಜಿ ಕೂರುವುದು ‘ಎಎಂ4’ ಎಂಬ ಹಳೆಯ ಗೂಡಿನಲ್ಲಿ. 2022ರಲ್ಲಿ ಬಂದ ‘ಎಎಂ5’ ಹೊಸ ಗೂಡು. ಮುಂದಿನ ಪ್ರೊಸೆಸರುಗಳಿಗೆ ಬಾಗಿಲು ತೆರೆದಿದೆ. ಆದರೆ ಹೊಸ ಗೂಡು ‘ಡಿಡಿಆರ್5’ ಎಂಬ ಹೊಸ ರ‍್ಯಾಮನ್ನಷ್ಟೇ ಒಪ್ಪುತ್ತದೆ. ಹಳೆಯದಕ್ಕೆ ‘ಡಿಡಿಆರ್4’ ಸಾಕು. ಒಂದರ ಪಟ್ಟಿ ಇನ್ನೊಂದರ ಗಾಡಿಯಲ್ಲಿ ಕೂರುವುದೂ ಇಲ್ಲ. ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ತಮ್ಮ ಹೊಸದೆಂದ, ನಾನು ಬೆಲೆಯ ಚೀಟಿ ತೋರಿಸಿದೆ.

ಚೀಟಿ ಬರೆದದ್ದು 2025ರ ಆಗಸ್ಟಿನಲ್ಲಿ. ಆಗ ಎಲ್ಲವೂ ಸರಿಯಾಗಿ ಅರವತ್ತು ಸಾವಿರದೊಳಗೆ ಕೂತಿತ್ತು: ಗಾಜಿನ ಗೋಡೆಯ, ಬಣ್ಣಬಣ್ಣದ ದೀಪಗಳ ಕ್ಯಾಬಿನೆಟ್ಟು, ಹೊಸ ಪರದೆ, ತಮ್ಮ ಬಹಳ ದಿನದಿಂದ ಆಸೆಪಟ್ಟ ಎತ್ತರದ ಬೆನ್ನಿನ ಕುರ್ಚಿ. ಮೆಕ್ಕೆಜೋಳ ಕೈಗೆ ಬಂದ ಮೇಲೆ ಕೊಳ್ಳುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಎರಡು ಮಾರುಕಟ್ಟೆಗಳು ಎರಡು ದಿಕ್ಕಿಗೆ ಓಡಿದವು!

ಮೊದಲನೆಯದು ನಮ್ಮದೇ. ಆ ವರ್ಷದ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು, ರಾಜ್ಯದ ಹಲವೆಡೆ ರೈತರು ಬೀದಿಗಿಳಿದರು. ಅಪ್ಪ ಮನೆಯಲ್ಲಿ ರಾಶಿ ಇಟ್ಟುಕೊಂಡು ಕಾಯುವಂತಿರಲಿಲ್ಲ; ಸಿಕ್ಕ ದರಕ್ಕೆ ಕೊಟ್ಟರು. ಎರಡನೆಯದು ರ‍್ಯಾಮಿನ ಮಾರುಕಟ್ಟೆ. ಜಗತ್ತಿನ ಮೆಮೊರಿ ಚಿಪ್ಪುಗಳ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಆ ಚಿಪ್ಪುಗಳನ್ನು ಸಗಟಾಗಿ ಎತ್ತತೊಡಗಿದ್ದರಿಂದ, 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಆಕಾಶಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗಿರಾಕಿಗಳಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ನಮ್ಮ ಚೀಟಿಯಲ್ಲಿ 3,500 ಎಂದಿದ್ದ ಹದಿನಾರು ಜಿ.ಬಿ. ರ‍್ಯಾಮು 8,500ಕ್ಕೆ ಹೋಗಿ ನಿಂತಿತ್ತು. ಅಮೆರಿಕದಲ್ಲಿ ಯಾವುದೋ ಯಂತ್ರ ಯೋಚಿಸುವುದನ್ನು ಕಲಿತರೆ ಹಿರೇಹಡಗಲಿಯ ಹುಡುಗನ ಆಟ ತುಟ್ಟಿಯಾಗುವ ಈ ಸಂಬಂಧವನ್ನು ನಾನು ಯಾವ ಪಠ್ಯಪುಸ್ತಕದಲ್ಲಿಯೂ ಓದಿರಲಿಲ್ಲ.

ಆ ರಾತ್ರಿ ಊಟದ ನಂತರ ಲೆಕ್ಕ ಮಾಡಲು ಕುಳಿತೆವು. ಅಪ್ಪ ತಂದ ಹಣದಲ್ಲಿ ನನ್ನ ಎಂ.ಎ.ಗೆಂದು ತೆಗೆದಿಟ್ಟರೆ, ಯಂತ್ರಕ್ಕೆ ಉಳಿಯುತ್ತಿದ್ದುದು ನಲವತ್ತೈದು ಸಾವಿರ. ನಾನು ಏನೊಂದನ್ನೂ ಹೇಳದೆ ಚೀಟಿಯನ್ನು ನಡುವೆ ಇಟ್ಟೆ. ನನ್ನ ಪಾಲಿನ ಮಾತನ್ನು ನಾನೇ ಆಡುವುದು ಯೋಗ್ಯವೆನಿಸಲಿಲ್ಲ. ತಮ್ಮ ಬಹಳ ಹೊತ್ತು ಚೀಟಿಯನ್ನೇ ನೋಡಿದ. ಆಮೇಲೆ ಪೆನ್ನು ತೆಗೆದುಕೊಂಡು ಮೊದಲು ಕುರ್ಚಿಯನ್ನು ಹೊಡೆದುಹಾಕಿದ. “ಹಿತ್ತಲದಾಗಿನ ಕಬ್ಬಿಣದ ಕುರ್ಚಿ ಐತಲ್ಲಕ್ಕಾ” ಎಂದ. ನಂತರ ದೀಪಗಳ ಕ್ಯಾಬಿನೆಟ್ಟು ಹೋಯಿತು. ಹೊಸ ಪರದೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಅದೂ ಹೋಗಿ, ಅದರ ಜಾಗದಲ್ಲಿ ‘ಸೆಕೆಂಡ್ ಹ್ಯಾಂಡ್’ ಎಂದು ಬರೆದ. “ಅಕ್ಕನ ಓದಿನ ರೊಕ್ಕ ಮುಟ್ಟಬ್ಯಾಡ್ರಿ” ಎಂದು ಅಪ್ಪನಿಗೆ ಹೇಳಿ, ಕೈ ತೊಳೆಯುವ ನೆವದಿಂದ ಎದ್ದುಹೋದ. ಅವ್ವ ದೀಪದ ಕಡೆ ಮುಖ ತಿರುಗಿಸಿದಳು. ಈ ಸಂಗತಿಯ ಮೇಲೆ ಹೆಚ್ಚು ಬರೆಯಲಾರೆ.

ಅವನು ಇನ್ನೆರಡನ್ನು ಹೊಡೆದುಹಾಕಲು ಹೊರಟಾಗ ಮಾತ್ರ ನಾನು ತಡೆದೆ. ಒಂದು, ರ‍್ಯಾಮಿನ ಎರಡು ಪಟ್ಟಿಗಳಲ್ಲಿ ಒಂದು. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಚಿತ್ರದ ಅಂಗಕ್ಕೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ರ‍್ಯಾಮಿನಲ್ಲಿಯೇ ಪಾಲು ಪಡೆದು ಬಾಳುತ್ತದೆ. ಎಂಟೆಂಟು ಜಿ.ಬಿ.ಯ ಎರಡು ಪಟ್ಟಿ ಹಾಕಿದರೆ ದಾರಿ ಎರಡಾಗುತ್ತದೆ. ಒಂದೇ ಹಾಕಿದರೆ ಜಾತ್ರೆಯ ದಿನ ಒಂದೇ ಬಾಗಿಲು ತೆರೆದಂತೆ. ಇನ್ನೊಂದು, ವಿದ್ಯುತ್ತನ್ನು ಹಂಚುವ ಎಸ್.ಎಂ.ಪಿ.ಎಸ್. ಇದು ಯಾರ ಕಣ್ಣಿಗೂ ಬೀಳದ ಪೆಟ್ಟಿಗೆ, ದೀಪವಿಲ್ಲ, ವೈಯಾರವಿಲ್ಲ. ಆದರೆ ಎಲ್ಲ ಭಾಗಗಳಿಗೂ ಅನ್ನವಿಕ್ಕುವುದು ಇದೇ. ಇದು ಕೆಟ್ಟರೆ ತಾನೊಂದೇ ಸಾಯದೆ ಪಂಕ್ತಿಯಲ್ಲಿ ಕುಳಿತವರನ್ನೂ ಕರೆದುಕೊಂಡು ಹೋಗಬಹುದು. ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಕನಿಷ್ಠ ಶೇಕಡ 80ರಷ್ಟನ್ನು ವ್ಯರ್ಥಮಾಡದೆ ಬಡಿಸುತ್ತದೆಂಬುದಕ್ಕೆ ‘80 ಪ್ಲಸ್’ ಎಂಬ ಮುದ್ರೆಯಿದೆ. ಆ ಮುದ್ರೆಯ 450 ವ್ಯಾಟಿನದನ್ನು ನಿಶ್ಚಯಿಸಿದೆವು. ಹಳ್ಳಿಯ ಕರೆಂಟಿಗೆ ಹೆದರಿ ಚಿಕ್ಕ ಯು.ಪಿ.ಎಸ್. ಕೂಡ. ಅದರ ಮೇಲೆ 600 ಎಂದು ಬರೆದದ್ದು ವ್ಯಾಟ್ ಅಲ್ಲ, ವಿ.ಎ.; ವ್ಯಾಟಿನಲ್ಲಿ ಸುಮಾರು 360. ಕರೆಂಟು ಹೋದಾಗ ಆಟ ಮುಂದುವರಿಸುವುದಕ್ಕಲ್ಲ, ಮರ್ಯಾದೆಯಿಂದ ಮುಗಿಸುವುದಕ್ಕೆ ಅದು ಸಾಕು.

ಜನವರಿಯಲ್ಲಿ ನಾನೂ ತಮ್ಮನೂ ಹರಪನಹಳ್ಳಿ, ದಾವಣಗೆರೆಯ ಮಾರ್ಗವಾಗಿ ಬೆಂಗಳೂರಿಗೆ ಹೊರಟೆವು. ‘ಶಕ್ತಿ’ ಯೋಜನೆಯ ದಯದಿಂದ ನನಗೆ ಟಿಕೆಟ್ಟಿಗೆ ಸೊನ್ನೆ. ಯಂತ್ರದ ಯಜಮಾನನಿಗೆ ಪೂರ್ತಿ ದರ. ಟೌನ್ ಹಾಲಿನ ಹತ್ತಿರದ ಎಸ್.ಪಿ. ರಸ್ತೆ ಎಂಬುದು ಗಣಕಯಂತ್ರದ ಬಿಡಿಭಾಗಗಳ ಸಂತೆ. ಇಕ್ಕಟ್ಟಾದ ಬೀದಿ, ಮೇಲೆ ತಂತಿಗಳ ಬಲೆ, ಒಂದರ ಮೇಲೊಂದು ಮಳಿಗೆ. ಬೆಲೆ ಕೇಳಿ ಮುಂದಿನ ಅಂಗಡಿಗೆ ಹೋಗುವಷ್ಟರಲ್ಲಿ ಇನ್ನೂರು ರೂಪಾಯಿ ಕಡಮೆ. ತಿರುಗಿ ಬಂದರೆ ಇಲ್ಲಿಯೂ ಕಡಮೆ! ಒಂದೆಡೆ, “ಮೇಡಂ, ಎಸ್.ಎಂ.ಪಿ.ಎಸ್. ಕ್ಯಾಬಿನೆಟ್ ಜೊತೇಲೇ ಬರುತ್ತೆ, ಬೇರೆ ಯಾಕೆ ತಗೋತೀರಿ?” ಎಂದು ಹೆಸರೂ ಮುದ್ರೆಯೂ ಇಲ್ಲದ ಪೆಟ್ಟಿಗೆಯೊಂದನ್ನು ಮುಂದಿಟ್ಟರು. ಕೈಯಲ್ಲಿ ಹಿಡಿದು ನೋಡಿದೆ, ಹತ್ತಿಯಂತೆ ಹಗುರ. ನಮ್ಮವ್ವ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಳ್ಳುವವಳು. ಅವಳ ಮಗಳು ನಾನು. ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆದೆ. ಪ್ರತಿಯೊಂದು ಭಾಗಕ್ಕೂ ಜಿ.ಎಸ್.ಟಿ. ಬಿಲ್ಲು, ಬಿಲ್ಲಿನ ಮೇಲೆ ಪೆಟ್ಟಿಗೆಯ ಸಂಖ್ಯೆ, ಇಲ್ಲದೆ ಹಣ ಕೊಡಲಿಲ್ಲ. ಖಾತರಿಯ ಅವಧಿಯಲ್ಲಿ ಮಾತನಾಡುವುದು ಕಾಗದವೇ ಹೊರತು ಅಂಗಡಿಯವನ ನಗುಮುಖವಲ್ಲ.

ಕೊನೆಯ ಲೆಕ್ಕ ಹೀಗೆ: ಪ್ರೊಸೆಸರ್ 11,000, ಬೋರ್ಡು 5,500, ರ‍್ಯಾಮು 8,500, ಸಂಗ್ರಹಕ್ಕೆ ಎಸ್.ಎಸ್.ಡಿ. 4,000, ಎಸ್.ಎಂ.ಪಿ.ಎಸ್. 3,200, ಸಾದಾ ಕ್ಯಾಬಿನೆಟ್ಟು 1,800, ಹಳೆಯ ಪರದೆ 3,000, ಯು.ಪಿ.ಎಸ್. 3,000, ಕೀಲಿಮಣೆ ಮತ್ತು ಮೌಸು 1,000, ಮೈಕು 1,500. ಒಟ್ಟು 42,500. ಉಳಿದುದರಲ್ಲಿ ತಮ್ಮನ ಬಸ್ಸಿನ ಖರ್ಚು, ಇಬ್ಬರ ಊಟ ಕಳೆದು 1,100 ರೂಪಾಯಿಯನ್ನು ಅವ್ವನ ಕೈಗೆ ಹಿಂದಿರುಗಿಸಿದೆವು. ಸರ್ಕಾರದ ಆಯವ್ಯಯದಲ್ಲಿಯೂ ಹೀಗೆ ಮಿಗುವುದು ಅಪರೂಪ.

ಕೂಡಿಸಿದ್ದು ಮನೆಯಲ್ಲಿಯೇ, ಕಂಬಳಿಯನ್ನು ದೂರ ಸರಿಸಿ, ಮರದ ಹಲಗೆಯ ಮೇಲೆ. ನಮ್ಮೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯಿದೆ. ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿ ನಿಂತಿದೆ. ಪ್ರೊಸೆಸರನ್ನು ಗೂಡಿಗಿಳಿಸುವಾಗ ನನಗೆ ಆ ಶಿಲ್ಪಿಗಳ ನೆನಪಾಯಿತು. ಮೂಲೆಯ ಚಿಕ್ಕ ತ್ರಿಕೋನಕ್ಕೆ ತ್ರಿಕೋನ ಕೂಡಿದರೆ ತಾನಾಗಿ ಇಳಿಯುತ್ತದೆ. ಬಲ ಪ್ರಯೋಗಿಸಿದರೆ ಕಾಲುಗಳು ಬಾಗುತ್ತವೆ. ಬೋರ್ಡಿನ ಹಸಿರು ಬಣ್ಣದಡಿಯಲ್ಲಿ ಹರಿದಿರುವ ಗೆರೆಗಳೆಲ್ಲ ತಾಮ್ರದವು. ಪಲ್ಲವರ ಶಿವಸ್ಕಂದವರ್ಮ ಪ್ರಾಕೃತ ಭಾಷೆಯಲ್ಲಿ ಬರೆಯಿಸಿದ ದಾನಶಾಸನದ ತಾಮ್ರಪಟಗಳು ದೊರೆತದ್ದು ನಮ್ಮ ಹಿರೇಹಡಗಲಿಯಲ್ಲಿ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ವಿಷಯ. ಅಂದು ತಾಮ್ರದ ಮೇಲೆ ಬರೆಯಿಸಲು ಅರಸನಾಗಿರಬೇಕಿತ್ತು. ಇಂದು ಮೆಕ್ಕೆಜೋಳದ ರೈತನ ಮಗನ ಮಾತೂ ತಾಮ್ರದ ಮೇಲೆ ಹರಿಯುತ್ತದೆ.

ಆ ಮಾತು ಹೊರಗೆ ಹೋಗಲು ಅಂತರ್ಜಾಲದ ದಾರಿ ಬೇಕಷ್ಟೆ. ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟಿನಂತೆ ಕಳಿಸಿದರೆ ಗಂಟೆಗೆ 1.8 ಜಿ.ಬಿ. ಆಗುತ್ತದೆ. ಆದ್ದರಿಂದ 720 ಗೆರೆಗಳ ಚಿತ್ರವೇ ಸಾಕೆಂದು ಒಪ್ಪಂದವಾಯಿತು. ನೋಡುವವರು ಬರುವುದು ಮಾತು ಕೇಳಲು, ಚುಕ್ಕೆ ಎಣಿಸಲು ಅಲ್ಲವೆಂಬುದು ನನ್ನ ವಾದ. ತನ್ನ ಕಾರ್ಯಕ್ರಮದ ಹೆಸರನ್ನು ಅವನು ಕನ್ನಡದಲ್ಲಿಯೇ ಇಟ್ಟಿದ್ದಾನೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಎರಡು ದಿನದಲ್ಲಿ ಕಲಿತ. ಮೊದಲ ರಾತ್ರಿ ನೋಡಿದವರು ಹದಿನಾರು ಮಂದಿ. ಅವರಲ್ಲಿ ಹನ್ನೊಂದು ಜನ ನಮ್ಮ ಬೀಗರು, ನೆಂಟರು. ಉಳಿದ ಐವರು ಯಾರೆಂದು ತಿಳಿಯದು. ಆ ಐವರಿಗಾಗಿಯೇ ಅವನು ಮರುದಿನವೂ ಕುಳಿತ. ಅಪ್ಪ ಬಾಗಿಲಲ್ಲಿ ನಿಂತು ಕೇಳಿ, “ಮಾತು ಚಲೋ ಆಡ್ತಾನ ಹುಡುಗ” ಎಂದರು. ಸಂಪಾದನೆಯ ಮಾತನ್ನು ಇನ್ನೂ ಯಾರೂ ಎತ್ತಿಲ್ಲ.

ಅದರಿಂದ ಹಣ ಬಂದೀತೋ ಇಲ್ಲವೋ ನಾನು ಹೇಳಲಾರೆ, ನಾನು ಗೊರವಯ್ಯನಲ್ಲ. ಆದರೆ ಯಂತ್ರದ ವಿಷಯದಲ್ಲಿ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಕಣ್ಣಿಗೆ ಕಾಣುವ ಭಾಗಗಳಲ್ಲಿ ಉಳಿತಾಯ ಮಾಡಿದವರು ಬದುಕಿಕೊಳ್ಳುತ್ತಾರೆ. ಕಾಣದ ಭಾಗಗಳಲ್ಲಿ ಉಳಿತಾಯ ಮಾಡಿದವರು ಎರಡು ಸಲ ಕೊಳ್ಳುತ್ತಾರೆ. ಈ ಸೂತ್ರ ಸಂಸಾರಕ್ಕೂ ಅನ್ವಯಿಸುವುದೆಂದು ನನ್ನ ಗುಮಾನಿ. ದೀಪಗಳ ಪೆಟ್ಟಿಗೆಯನ್ನು ಬಿಟ್ಟುಕೊಟ್ಟವನ ಹೆಸರು ಯಾವ ಬಿಲ್ಲಿನಲ್ಲಿಯೂ ಇಲ್ಲವಷ್ಟೆ!

ಬೋರ್ಡಿನ ಮೇಲೆ ಗ್ರಾಫಿಕ್ಸ್ ಕಾರ್ಡಿನ ಗೂಡು ಈಗ ಖಾಲಿಯಿದೆ. ನನಗೊಂದು ಕೆಲಸ ದೊರೆತ ದಿನ ಅದನ್ನು ತುಂಬುವ ಹೊಣೆ ನನ್ನದು. ಅದಕ್ಕೆ ಮೊದಲು ಎಂ.ಎ. ಅರ್ಜಿಯನ್ನು ಇದೇ ಯಂತ್ರದಲ್ಲಿ ತುಂಬಬೇಕಾಗಿದೆ. ಆ ಹೊತ್ತಿಗೆ ಆಟ ಎಷ್ಟೇ ರಂಗೇರಿದ್ದರೂ ತಮ್ಮ ಎದ್ದು ಕಬ್ಬಿಣದ ಕುರ್ಚಿಯನ್ನು ಅಕ್ಕನಿಗೆ ಬಿಟ್ಟುಕೊಡಬೇಕೆಂದು ಅವ್ವ ತೀರ್ಪು ಕೊಟ್ಟಿದ್ದಾಳೆ. ಹಣ ಅವಳದು, ಮೇಲ್ಮನವಿಗೆ ಅವಕಾಶವಿಲ್ಲ.